ಉಪ್ಪುನೀರಿನ ತೊಟ್ಟಿ ಹದಕ್ಕೆ ಬರುವ ಆರು ವಾರ: ಸಲಕರಣೆಗಳ ತೊಂದರೆ ಮತ್ತು ಪರಿಹಾರ

ಕರಾವಳಿಯ ಜಿಲ್ಲೆಗಳಲ್ಲಿ ಅಡಿಕೆ, ತೆಂಗು, ಭತ್ತದ ಬೇಸಾಯದ ಜೊತೆಗೆ ಉಪ್ಪುನೀರಿನ ಅಲಂಕಾರಿಕ ಮೀನುಗಳನ್ನು ಸಾಕಬೇಕೆಂಬ ಆಸಕ್ತಿ ಕೆಲವು ಕೃಷಿಕರಲ್ಲಿ ಮೂಡಿದೆ. ಕಿತ್ತಳೆ ಬಣ್ಣದ ಮೈಮೇಲೆ ಬಿಳಿ ಪಟ್ಟೆಗಳಿರುವ ಕ್ಲೌನ್ ಮೀನು ಇವುಗಳಲ್ಲಿ ಮುಖ್ಯವಾದುದು. ಇದನ್ನು ಕಡಲಿನಿಂದ ಹಿಡಿದು ತರಬೇಕಾಗಿಲ್ಲ. ತೊಟ್ಟಿಯಲ್ಲಿಯೇ ಮೊಟ್ಟೆಯಿಡಿಸಿ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದೆ. ಆ ಸಂಸ್ಥೆಯ ಕೇಂದ್ರಗಳು ನಮ್ಮ ಕಾರವಾರ ಮತ್ತು ಮಂಗಳೂರಿನಲ್ಲಿಯೂ ಇವೆ. ಮೀನಿನ ಆಹಾರ, ರೋಗ, ಮರಿಗಳ ಪಾಲನೆ ಇವುಗಳ ಬಗ್ಗೆ ಅಲ್ಲಿನ ತಜ್ಞರನ್ನೇ ಕೇಳುವುದು ಸರಿ. ಈ ಲೇಖನದಲ್ಲಿ ಮೀನು ಬರುವುದಕ್ಕೆ ಮುಂಚಿನ ಆರು ವಾರಗಳ ವಿಷಯವನ್ನು ಮಾತ್ರ ತಿಳಿಸಲಾಗಿದೆ. ಹೊಸಬರ ಹಣ ಮುಳುಗುವುದು ಬಹಳ ಸಲ ಈ ಅವಧಿಯಲ್ಲಿ ನಡೆದ ತಪ್ಪಿನಿಂದಲೇ.

ಬೇಸಾಯಶಾಸ್ತ್ರದವನಿಗೆ ಮೀನಿನ ತೊಟ್ಟಿಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಹೊಲಕ್ಕೆ ಹಾಕಿದ ಯೂರಿಯಾ ಮೊದಲು ಅಮೋನಿಯಾ ಆಗಿ, ಅನಂತರ ನೈಟ್ರೇಟ್ ಆಗಿ ಬೆಳೆಗೆ ದೊರೆಯುತ್ತದೆಯಷ್ಟೆ. ಆ ಕೆಲಸ ಮಾಡುವ ಸೂಕ್ಷ್ಮಾಣುಜೀವಿಗಳ ಬಂಧುಗಳೇ ಉಪ್ಪುನೀರಿನ ತೊಟ್ಟಿಯಲ್ಲಿಯೂ ಕೆಲಸ ಮಾಡಬೇಕು. ಆದ್ದರಿಂದ ಮಣ್ಣಿನ ಸಾರಜನಕವನ್ನು ಬಲ್ಲವರಿಗೆ ಈ ತೊಟ್ಟಿ ಪೂರ್ತಿ ಹೊಸದೇನೂ ಅಲ್ಲ.

ಮುಂದುವರಿಯುವ ಮೊದಲು ಕಾನೂನಿನ ಒಂದು ಮಾತು. ಹೊರದೇಶದ ಚಿತ್ರಗಳಲ್ಲಿ ಇಂತಹ ತೊಟ್ಟಿಯ ತುಂಬ ಜೀವಂತ ಹವಳಗಳಿರುತ್ತವೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ 2001ರಲ್ಲಿ ಹವಳಗಳನ್ನು ಸೇರಿಸಲಾಯಿತು. ಕಡಲಿನಿಂದ ಹವಳವನ್ನಾಗಲಿ, ಹವಳದ ಬಂಡೆಯನ್ನಾಗಲಿ ಕಿತ್ತು ತರುವುದು ಅಪರಾಧ. ಕೃತಕವಾಗಿ ತಯಾರಿಸಿದ ರಂಧ್ರಗಳುಳ್ಳ ಕಲ್ಲುಗಳನ್ನೇ ಬಳಸಬೇಕು. ಸಿಮೆಂಟಿನಿಂದ ಮಾಡಿದ ಕಲ್ಲಾದರೆ ಅದರ ಸುಣ್ಣದ ಖಾರ ಇಳಿಯುವವರೆಗೆ ಕೆಲವು ವಾರ ಸಿಹಿನೀರಿನಲ್ಲಿ ನೆನೆಹಾಕಿ, ನೀರನ್ನು ಬದಲಿಸುತ್ತಿರಬೇಕು.

ಹದಕ್ಕೆ ಬರುವುದು ಎಂದರೇನು?

ಮೀನಿನ ಕಿವಿರಿನಿಂದಲೂ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಇದು ಮೀನಿಗೆ ವಿಷ. ಒಂದು ಗುಂಪಿನ ಸೂಕ್ಷ್ಮಾಣುಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಮೊದಲ ಗುಂಪಿಗೆ ನೈಟ್ರೊಸೊಮೊನಾಸ್, ಎರಡನೆಯದಕ್ಕೆ ನೈಟ್ರೊಬ್ಯಾಕ್ಟರ್ ಎಂದು ನಾವು ಪಾಠದಲ್ಲಿ ಓದಿದೆವು. ಎರಡನೆಯ ಕೆಲಸದಲ್ಲಿ ನೈಟ್ರೊಸ್ಪೈರಾ ಎಂಬ ಗುಂಪಿನ ಪಾತ್ರ ದೊಡ್ಡದೆಂದು ಈಗ ತಿಳಿದಿದೆ. ಇವು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಕಲ್ಲು, ಮರಳು, ಶೋಧಕಗಳ ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಬೆಳವಣಿಗೆ ಬಹಳ ನಿಧಾನ.

ಎಷ್ಟು ನಿಧಾನ ಎಂಬುದಕ್ಕೆ ಹಳೆಯ ಒಂದು ಪ್ರಯೋಗವೇ ಸಾಕ್ಷಿ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಅನಂತರ ಅಮೋನಿಯಾ ಮಾಯವಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಕೊಳವೆಗೆ ಕ್ಲೋರೋಫಾರ್ಮ್ ಆವಿ ಹಾಯಿಸಿದಾಗ ಕೆಲಸ ನಿಂತುಹೋಯಿತು. ಮತ್ತೆ ಸ್ವಲ್ಪ ಮಣ್ಣು ತೊಳೆದ ನೀರನ್ನು ಸೇರಿಸಿದ ಮೇಲೆ ಶುರುವಾಯಿತು. ಇದು ಜೀವಿಗಳ ಕೆಲಸವೆಂಬುದು ಹೀಗೆ ರುಜುವಾತಾಯಿತು. ಆ ಕೊಳವೆಯ ಇಪ್ಪತ್ತು ದಿನಗಳ ಮೌನವೇ ನಿಮ್ಮ ತೊಟ್ಟಿಯಲ್ಲಿಯೂ ಇರುತ್ತದೆ. ಉಪ್ಪುನೀರಿನಲ್ಲಿ ಅದು ಇನ್ನೂ ಉದ್ದವಾಗಬಹುದು.

ಸಾಮಾನ್ಯವಾಗಿ ಎರಡನೆಯ ವಾರದ ಸುಮಾರಿಗೆ ಅಮೋನಿಯಾ ಇಳಿಯತೊಡಗಿ ನೈಟ್ರೈಟ್ ಏರುತ್ತದೆ. ನಾಲ್ಕರಿಂದ ಆರು ವಾರಗಳಲ್ಲಿ ನೈಟ್ರೈಟೂ ಇಳಿದು ನೈಟ್ರೇಟ್ ಉಳಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಇಷ್ಟು ದಿನವೂ ಅದು ಬರಿಯ ಕಲ್ಲು ಮತ್ತು ನೀರು. ಕಣ್ಣಿಗೆ ಕಾಣುವುದು ಸಲಕರಣೆ ಮತ್ತು ಮಾಪಕ ಎರಡೇ. ಆದ್ದರಿಂದ ಅಂಕಿಗಳು ತಪ್ಪಾಗಿ ಬಂದಾಗ ಮೊದಲು ಪಂಪನ್ನು, ಅನಂತರ ಮಾಪಕವನ್ನು ಪರೀಕ್ಷಿಸಬೇಕು. ಸೂಕ್ಷ್ಮಾಣುಗಳನ್ನು ದೂರುವುದು ಕೊನೆಗೆ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಅಮೋನಿಯಾ ಇಳಿಯಲಿಲ್ಲವೆಂದು ನೀರನ್ನೆಲ್ಲ ಬದಲಿಸುತ್ತಾರೆ, ಸೂಕ್ಷ್ಮಾಣುಗಳ ಬಾಟಲಿಯ ಮೇಲೆ ಬಾಟಲಿ ತಂದು ಸುರಿಯುತ್ತಾರೆ. ಪಂಪಿನ ಬಾಯಿಗೆ ಸಿಕ್ಕಿದ ಕಸ ಮಾತ್ರ ಅಲ್ಲಿಯೇ ಇರುತ್ತದೆ.

ಉದಾಹರಣೆಯ ತೊಟ್ಟಿ

ಲೆಕ್ಕ ಸುಲಭವಾಗಲೆಂದು ಒಂದು ತೊಟ್ಟಿಯನ್ನು ಇಟ್ಟುಕೊಳ್ಳೋಣ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ. ಕಲ್ಲಿನ ಜಾಗ ಕಳೆದು ಇದರಲ್ಲಿ 200 ಲೀಟರ್ ನೀರು. ಕೆಳಗೆ 90 ಲೀಟರಿನ ಕೆಳತೊಟ್ಟಿ, ಅದರಲ್ಲಿ 50 ಲೀಟರ್ ನೀರು. ಒಟ್ಟು 250 ಲೀಟರ್. ಮೇಲಿನ ತೊಟ್ಟಿಯ ಅಂಚಿನ ತೂತಿನಿಂದ ನೀರು ಕೊಳವೆಯಲ್ಲಿ ಕೆಳಗಿಳಿಯುತ್ತದೆ. ಕೆಳತೊಟ್ಟಿಯ ಕೊನೆಯ ಅಂಕಣದಲ್ಲಿರುವ ಪಂಪು ಅದನ್ನು ಮೇಲಕ್ಕೆತ್ತುತ್ತದೆ.

ನೀರಿನ ಲವಣಾಂಶ ಸಾವಿರಕ್ಕೆ 35 ಭಾಗ ಇರಬೇಕು. ಅಡುಗೆ ಉಪ್ಪು ಹಾಕಿದರೆ ಕಡಲ ನೀರಾಗುವುದಿಲ್ಲ. ಮೆಗ್ನೀಸಿಯಂ, ಸುಣ್ಣ ಮೊದಲಾದವೂ ಸೇರಿರುವ, ಇದಕ್ಕೆಂದೇ ತಯಾರಿಸಿದ ಲವಣ ಮಿಶ್ರಣ ಬೇಕು. 250 ಲೀಟರಿಗೆ ಸುಮಾರು 9ರಿಂದ 9.5 ಕಿಲೋ ಹಿಡಿಯುತ್ತದೆ. ಬೋರ್ಡೋ ದ್ರಾವಣ ತಯಾರಿಸುವಾಗ ಯಾವುದನ್ನು ಯಾವುದಕ್ಕೆ ಸುರಿಯಬೇಕೆಂಬುದು ಮುಖ್ಯವಾದಂತೆ ಇಲ್ಲಿಯೂ ಕ್ರಮ ಮುಖ್ಯ. ನೀರಿಗೆ ಲವಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕಲಕಬೇಕು. ಲವಣದ ರಾಶಿಯ ಮೇಲೆ ನೀರು ಸುರಿದರೆ ಸುಣ್ಣ ಗಟ್ಟಿಯಾಗಿ ಬಿಳಿಯ ಗಸಿ ಕೂರುತ್ತದೆ. ಬೋರ್ಡೋ ಎಂದೊಡನೆ ಇನ್ನೊಂದು ಎಚ್ಚರಿಕೆ: ಅಡಿಕೆಗೆ ಔಷಧಿ ಕಲಸಿದ ಡ್ರಮ್ಮು, ಬಕೆಟ್ಟು, ಕೋಲು ಯಾವುದನ್ನೂ ಈ ಕೆಲಸಕ್ಕೆ ಮುಟ್ಟಬಾರದು. ತೊಳೆದರೂ ಬೇಡ. ತಾಮ್ರದ ಅಂಶ ಸ್ವಲ್ಪವಿದ್ದರೂ ಕಡಲಿನ ಸಣ್ಣ ಜೀವಿಗಳಿಗೆ ಮಾರಕ. ಇದೇ ಕಾರಣಕ್ಕೆ ಹಿತ್ತಾಳೆಯ ನಲ್ಲಿ, ಸತುವಿನ ಲೇಪದ ಕ್ಲಿಪ್ಪು ಇವುಗಳೂ ನೀರಿಗೆ ತಾಗಬಾರದು, ಎಲ್ಲವೂ ಪ್ಲಾಸ್ಟಿಕ್ಕಿನದಿರಲಿ.

ಕಡಲ ನೀರನ್ನೇ ತರುವವರು ನದಿಯ ಅಳಿವೆಯಿಂದ ದೂರದಲ್ಲಿ, ಮಳೆಗಾಲ ಕಳೆದ ಮೇಲೆ ತರಬೇಕು. ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಬಹಳ ಇಳಿದಿರುತ್ತದೆ.

ಮೊದಲ ದಿನವೇ ಕರೆಂಟು ತೆಗೆದು ನೋಡಿ

ತೊಟ್ಟಿ ತುಂಬಿಸಿ ಪಂಪು ಓಡಿಸಿದ ಮೇಲೆ ಮಾಡಬೇಕಾದ ಮೊದಲ ಪರೀಕ್ಷೆ ರಾಸಾಯನಿಕದ್ದಲ್ಲ. ಮುಖ್ಯ ಸ್ವಿಚ್ಚನ್ನು ಆರಿಸಿ ಕೆಳತೊಟ್ಟಿಯ ಮುಂದೆ ಕುಳಿತುಕೊಳ್ಳಿ. ಪಂಪು ನಿಂತೊಡನೆ ತೂತಿನ ಮಟ್ಟಕ್ಕಿಂತ ಮೇಲಿರುವ ನೀರು ಕೆಳಗಿಳಿಯುತ್ತದೆ. ಅಷ್ಟೇ ಅಲ್ಲ, ಪಂಪಿನಿಂದ ಮೇಲೆ ಹೋಗುವ ಕೊಳವೆಯ ಬಾಯಿ ನೀರಿನಲ್ಲಿ ಮುಳುಗಿದ್ದರೆ ಅದರ ಮೂಲಕವೂ ನೀರು ಹಿಮ್ಮುಖವಾಗಿ ಇಳಿಯುತ್ತದೆ. ಬಾಯಿಗೆ ಗಾಳಿ ಸಿಗುವವರೆಗೆ ಇದು ನಿಲ್ಲುವುದಿಲ್ಲ.

ನಮ್ಮ ಉದಾಹರಣೆಯ ತೊಟ್ಟಿಯಲ್ಲಿ ಒಂದು ಅಂಗುಲ ನೀರು ಇಳಿದರೆ 14 ಲೀಟರ್. ಕೆಳತೊಟ್ಟಿಯಲ್ಲಿ ಖಾಲಿ ಇರುವುದು 40 ಲೀಟರ್ ಜಾಗ. ಅಂದರೆ ಮೂರು ಅಂಗುಲ ಇಳಿಯುವಷ್ಟರಲ್ಲಿ ಕೆಳತೊಟ್ಟಿ ತುಂಬಿ ನೆಲಕ್ಕೆ ಹರಿಯುತ್ತದೆ. ಅಷ್ಟೂ ಉಪ್ಪುನೀರು, ನೆಲದ ಮೇಲೆ ಪ್ಲಗ್ಗಿನ ಹಲಗೆ ಇದ್ದರಂತೂ ಹೇಳುವುದೇ ಬೇಡ. ಮತ್ತೆ ಕರೆಂಟು ಬಂದಾಗ ಪಂಪಿಗೆ ಎತ್ತಲು ನೀರು ಸಾಲದೆ ಒಣಗಿ ಓಡುತ್ತದೆ. ಒಂದೇ ದೋಷದಿಂದ ಮೂರು ನಷ್ಟ.

ಪರಿಹಾರ ಸುಲಭ. ಮೇಲಿನ ಕೊಳವೆಯ ಬಾಯಿಯನ್ನು ನೀರಿನ ಮಟ್ಟದ ಸ್ವಲ್ಪ ಕೆಳಗಷ್ಟೇ ಇಡಿ. ಕೊಳವೆಗೆ ನೀರಿನ ಮಟ್ಟದ ಅರ್ಧ ಅಂಗುಲ ಕೆಳಗೆ ಸಣ್ಣದೊಂದು ತೂತು ಕೊರೆಯಿರಿ. ನೀರು ಅಲ್ಲಿಯವರೆಗೆ ಇಳಿದೊಡನೆ ತೂತಿನಿಂದ ಗಾಳಿ ಒಳಹೊಕ್ಕು ಹರಿವು ಕಡಿಯುತ್ತದೆ. ಪಾಚಿ ಅಥವಾ ಉಪ್ಪಿನ ಹರಳು ಈ ತೂತನ್ನು ಮುಚ್ಚುವುದುಂಟು. ವಾರಕ್ಕೊಮ್ಮೆ ಕಡ್ಡಿ ಹಾಕಿ ಬಿಡಿಸಬೇಕು. ಹಿಮ್ಮುಖ ತಡೆಯುವ ವಾಲ್ವನ್ನು ಹಾಕಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಬಾವಿಯ ಫುಟ್‌ವಾಲ್ವಿಗೆ ಒಂದು ಎಲೆಯ ಚೂರು ಸಿಕ್ಕಿದರೆ ಏನಾಗುತ್ತದೆಂದು ನಿಮಗೇ ಗೊತ್ತು. ವಾಲ್ವಿಗಿಂತ ತೂತನ್ನು ನಂಬುವುದು ಲೇಸೆಂದು ನನ್ನ ಅಭಿಪ್ರಾಯ.

ಗಾಳಿ ಪಂಪಿಗೂ ಇದೇ ನಿಯಮ. ಅದನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು. ಕೆಳಗಿಟ್ಟರೆ ಕರೆಂಟು ಹೋದಾಗ ಸಣ್ಣ ರಬ್ಬರ್ ಕೊಳವೆಯಲ್ಲಿ ನೀರು ಇಳಿದು ಪಂಪಿನ ಹೊಟ್ಟೆ ಸೇರುತ್ತದೆ.

ಕರೆಂಟು ಬಹಳ ಹೊತ್ತು ಬಾರದಿದ್ದರೆ?

ಸೂಕ್ಷ್ಮಾಣುಗಳಿಗೆ ಆಮ್ಲಜನಕ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಅವು ನಾಲ್ಕೂವರೆ ಗ್ರಾಮಿಗಿಂತ ಹೆಚ್ಚು ಆಮ್ಲಜನಕವನ್ನು ಬಳಸುತ್ತವೆ. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಮಿನಷ್ಟು ಆಮ್ಲಜನಕ ಹಿಡಿದರೆ ಕಡಲ ನೀರು 7ಕ್ಕಿಂತಲೂ ಕಡಿಮೆ ಹಿಡಿಯುತ್ತದೆ. ನೀರು ಬಿಸಿಯಾದಷ್ಟೂ ಇದು ಇನ್ನೂ ಇಳಿಯುತ್ತದೆ. ನಿಂತ ನೀರಿಗೆ ಗಾಳಿಯಿಂದ ಹೊಸದಾಗಿ ಸೇರುವುದು ತೀರ ನಿಧಾನ.

ಮೀನಿಲ್ಲದ ತೊಟ್ಟಿಯಲ್ಲಿ ತೆರೆದ ಕಲ್ಲಿನ ಮೇಲಿನ ಸೂಕ್ಷ್ಮಾಣುಗಳು ಕೆಲವು ಗಂಟೆ ತಡೆದುಕೊಳ್ಳುತ್ತವೆ. ಬೇಗ ಕೆಡುವುದು ಮುಚ್ಚಿದ ಡಬ್ಬಿಯಂತಹ ಶೋಧಕ. ಅದರೊಳಗಿನ ಸ್ವಲ್ಪ ನೀರಿನ ಆಮ್ಲಜನಕ ಬೇಗ ಮುಗಿದು, ಒಳಗಿನದು ಕೊಳೆತು ಮೊಟ್ಟೆ ಕೆಟ್ಟ ವಾಸನೆ ಹುಟ್ಟುತ್ತದೆ. ಅಂತಹ ಶೋಧಕವನ್ನು ಕರೆಂಟು ಬಂದೊಡನೆ ಹಾಗೆಯೇ ಚಾಲೂ ಮಾಡಬಾರದು. ಬಿಚ್ಚಿ, ಆ ನೀರನ್ನು ಹೊರಗೆ ಚೆಲ್ಲಿ, ತೊಟ್ಟಿಯ ನೀರಿನಲ್ಲಿಯೇ ಜಾಲಿಸಿ ಮತ್ತೆ ಜೋಡಿಸಬೇಕು. ನಲ್ಲಿ ನೀರಿನಲ್ಲಿ ತೊಳೆದರೆ ಅಳಿದುಳಿದವೂ ಸಾಯುತ್ತವೆ. ಬ್ಯಾಟರಿಯಿಂದ ನಡೆಯುವ ಒಂದು ಗಾಳಿ ಪಂಪು ಮನೆಯಲ್ಲಿರಲಿ. ಇನ್ವರ್ಟರ್ ಇದ್ದರೆ ಬೇರೆ ಯಾವುದಕ್ಕೂ ಮೊದಲು ನೀರು ಆಡಿಸುವ ಪಂಪನ್ನು ಅದಕ್ಕೆ ಸೇರಿಸಿ. ಜೂನ್, ಜುಲೈ ತಿಂಗಳ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕತ್ತಲಾಗುವ ಊರುಗಳವರು ಹೊಸ ತೊಟ್ಟಿಯನ್ನು ನವೆಂಬರಿನಲ್ಲಿ ಆರಂಭಿಸುವುದು ಒಳ್ಳೆಯದು.

ಪಂಪು ಗುಂಯ್‌ಗುಡುತ್ತದೆ, ನೀರು ಬರುವುದಿಲ್ಲ

ಇದಕ್ಕೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು; ಪಂಪನ್ನು ನೀರಿನೊಳಗೇ ಓರೆ ಮಾಡಿ ಅಲ್ಲಾಡಿಸಿದರೆ ಗುಳ್ಳೆ ಹೊರಬರುತ್ತದೆ. ಮರಳಿನ ಕಾಳೋ ಸುಣ್ಣದ ಪದರವೋ ತಿರುಗುವ ಚಕ್ರವನ್ನು ಹಿಡಿದಿರಬಹುದು. ಪ್ಲಗ್ಗು ಕಿತ್ತು, ಮುಂದಿನ ಮುಚ್ಚಳ ತೆಗೆದು, ಅಯಸ್ಕಾಂತದ ಚಕ್ರವನ್ನು ಹೊರಗೆಳೆದು, ವಿನಿಗರ್ ಅಥವಾ ನಿಂಬೆರಸ ಬೆರೆಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಮೂರನೆಯದು ವೋಲ್ಟೇಜ್. ಸಂಜೆ ಸುತ್ತಲಿನ ನೀರಾವರಿ ಪಂಪುಗಳೆಲ್ಲ ಓಡುವಾಗ ಮಾತ್ರ ನಿಮ್ಮ ಸಣ್ಣ ಪಂಪು ಶುರುವಾಗದಿದ್ದರೆ ದೋಷ ಪಂಪಿನದಲ್ಲ, ತಂತಿಯದು. ಸ್ಟೆಬಿಲೈಸರ್ ಹಾಕಬೇಕು.

ನೀರು ಬರುತ್ತಿದ್ದು ಜೊತೆಗೆ ಹೊಗೆಯಂತೆ ಸಣ್ಣ ಗುಳ್ಳೆಗಳು ತೊಟ್ಟಿಯ ತುಂಬ ಹರಡಿದರೆ ಪಂಪು ಗಾಳಿಯನ್ನು ಹೀರುತ್ತಿದೆ ಎಂದರ್ಥ. ಕೆಳತೊಟ್ಟಿಯ ಕೊನೆಯ ಅಂಕಣದಲ್ಲಿ ನೀರು ಕಡಿಮೆಯಾಗಿದೆ. ಇದು ಮುಂದಿನ ವಿಷಯಕ್ಕೆ ನಮ್ಮನ್ನು ತರುತ್ತದೆ.

ನೀರು ಇಳಿದರೆ ಉಪ್ಪು ಏರುತ್ತದೆ

ಕುಮಟೆಯ ಕಡೆಯ ಗಜನಿ ಗದ್ದೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ನೆಲದ ಮೇಲೆ ಬೆಳ್ಳಗೆ ಉಳಿಯುತ್ತದೆ. ತೊಟ್ಟಿಯಲ್ಲಿ ಆಗುವುದೂ ಅದೇ. 250 ಲೀಟರಿನಲ್ಲಿ 25 ಲೀಟರ್ ಆವಿಯಾದರೆ 35 ಇದ್ದ ಲವಣಾಂಶ ಸುಮಾರು 39 ಆಗುತ್ತದೆ. ಮೇಲಿನ ತೊಟ್ಟಿಯ ಮಟ್ಟ ತೂತಿನಿಂದಾಗಿ ಬದಲಾಗುವುದಿಲ್ಲ. ಇಳಿಕೆಯೆಲ್ಲ ಪಂಪಿರುವ ಅಂಕಣದಲ್ಲಿಯೇ ಕಾಣುವುದರಿಂದ ಹಲವರ ಕಣ್ಣಿಗೆ ಬೀಳುವುದಿಲ್ಲ.

ಕಡಿಮೆಯಾದ ನೀರಿಗೆ ಬದಲಾಗಿ ಸಿಹಿನೀರನ್ನೇ ಹಾಕಬೇಕು. ಉಪ್ಪುನೀರು ಹಾಕುವುದು ಸಾಮಾನ್ಯವಾಗಿ ಕಾಣುವ ತಪ್ಪು. ಅಂಕಣದ ಗಾಜಿನ ಮೇಲೆ ಬಣ್ಣದ ಪಟ್ಟಿ ಅಂಟಿಸಿ, ಪ್ರತಿದಿನ ಬೆಳಿಗ್ಗೆ ಆ ಗುರುತಿನವರೆಗೆ ತುಂಬಿಸಿ. ಚೆಲ್ಲಿಯೋ ಸೋರಿಯೋ ಹೋದ ನೀರಿಗೆ ಮಾತ್ರ ಉಪ್ಪುನೀರು ಸೇರಬೇಕು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ವಾರದಲ್ಲಿ ಆ ನೀರನ್ನು ನೇರವಾಗಿ ಬಳಸಬೇಡಿ. ಸೂಕ್ಷ್ಮಾಣುಗಳನ್ನು ಕೊಲ್ಲಲೆಂದೇ ಹಾಕಿದ ಪುಡಿ ನಿಮ್ಮ ಸೂಕ್ಷ್ಮಾಣುಗಳನ್ನು ಬೇರೆಯಾಗಿ ಕಾಣುವುದಿಲ್ಲ. ತೆರೆದ ಬಕೆಟ್ಟಿನಲ್ಲಿ ಒಂದು ದಿನ ಗಾಳಿ ಹಾಯಿಸಿ ಅಥವಾ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ಕಳೆಯಬೇಕು.

ಮಾಪಕವನ್ನೇ ಮೊದಲು ಅಳೆಯಿರಿ

ತೇಲುವ ಲವಣಮಾಪಕದ ಮೈಗೆ ಗಾಳಿಗುಳ್ಳೆ ಅಂಟಿದರೆ ಅದು ಮೇಲೆದ್ದು ಉಪ್ಪು ಹೆಚ್ಚೆಂದು ತೋರಿಸುತ್ತದೆ. ಮೈಮೇಲೆ ಉಪ್ಪು ಒಣಗಿ ಕೂತರೆ ತೂಕ ಹೆಚ್ಚಿ ಕಡಿಮೆ ತೋರಿಸುತ್ತದೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಬೇಕು. ಬೆಳಕಿಗೆ ಹಿಡಿದು ನೋಡುವ ವಕ್ರೀಭವನ ಮಾಪಕವಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ಸೊನ್ನೆಗೆ ಹೊಂದಿಸಿಕೊಂಡರೆ ಸಾಲದು. 36.5 ಗ್ರಾಂ ಒಣಗಿದ ಶುದ್ಧ ಅಡುಗೆ ಉಪ್ಪನ್ನು 963.5 ಗ್ರಾಂ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದರೆ ಆ ಮಾಪಕದಲ್ಲಿ ಅದು 35 ಎಂದು ತೋರಬೇಕು. ಅಷ್ಟು ಸೂಕ್ಷ್ಮವಾದ ತೂಕ ಅಕ್ಕಸಾಲಿಗರ ಅಂಗಡಿಯಲ್ಲಿ ಸಿಗುತ್ತದೆ.

ಇನ್ನು ಅಮೋನಿಯಾ ಪರೀಕ್ಷೆಯ ಬಾಟಲಿಗಳು. ಅವಧಿ ಮುಗಿದ ದ್ರಾವಣ ಸುಳ್ಳು ಹೇಳುತ್ತದೆ, ಅದೂ ಧೈರ್ಯವಾಗಿ. ಇದನ್ನು ಹಿಡಿಯುವ ಉಪಾಯವಿದೆ. ತೊಟ್ಟಿ ಹದಗೊಳಿಸಲು ಹೇಗೂ ಅಮೋನಿಯಾ ಹಾಕಲೇಬೇಕು. ಮೀನನ್ನು ಬಿಟ್ಟು ಅದರಿಂದ ಅಮೋನಿಯಾ ಬರಿಸುವ ಹಳೆಯ ಪದ್ಧತಿ ಕ್ರೂರವೂ ಹೌದು, ನಷ್ಟವೂ ಹೌದು. ಪ್ರಯೋಗಶಾಲೆಯ ಶುದ್ಧ ಅಮೋನಿಯಂ ಕ್ಲೋರೈಡ್ ಒಂದೂವರೆ ಗ್ರಾಂ ತೂಗಿ 250 ಲೀಟರಿಗೆ ಹಾಕಿದರೆ ದಶಲಕ್ಷಕ್ಕೆ 2 ಭಾಗ ಅಮೋನಿಯಾ ಆಗುತ್ತದೆ. ಮೊದಲ ದಿನ ಹಾಕಿ, ಒಂದು ಗಂಟೆ ನೀರು ಆಡಿದ ಮೇಲೆ ಪರೀಕ್ಷಿಸಿ. ಎರಡರ ಆಸುಪಾಸು ತೋರಿದರೆ ಪರೀಕ್ಷೆಯ ದ್ರಾವಣ ಸರಿಯಿದೆ. ಸೊನ್ನೆ ತೋರಿದರೆ ತೊಟ್ಟಿ ಒಂದು ಗಂಟೆಯಲ್ಲಿ ಹದವಾಯಿತೆಂದು ಹಿಗ್ಗಬೇಡಿ, ಬಾಟಲಿ ಕೆಟ್ಟಿದೆ. ಗೊಬ್ಬರದ ಚೀಲದಿಂದ ಯೂರಿಯಾವನ್ನಾಗಲಿ ಅಮೋನಿಯಂ ಸಲ್ಫೇಟನ್ನಾಗಲಿ ಹಾಕಬೇಡಿ. ಅದರಲ್ಲಿ ಬೇರೆ ಏನೇನಿದೆಯೋ ತಿಳಿಯದು.

ನೈಟ್ರೇಟ್ ಪರೀಕ್ಷೆಯ ಬಗ್ಗೆ ಒಂದು ಮಾತು. ಈ ಪರೀಕ್ಷೆ ನೈಟ್ರೇಟನ್ನು ಮೊದಲು ನೈಟ್ರೈಟ್ ಆಗಿ ಮಾಡಿ ಬಣ್ಣ ತೋರಿಸುತ್ತದೆ. ನೀರಿನಲ್ಲಿ ಆಗಲೇ ನೈಟ್ರೈಟ್ ತುಂಬಿರುವ ಮೂರು, ನಾಲ್ಕನೆಯ ವಾರದಲ್ಲಿ ಇದು ಇಲ್ಲದ ನೈಟ್ರೇಟನ್ನು ತೋರಿಸುತ್ತದೆ. ಆಗ ಈ ಪರೀಕ್ಷೆ ಮಾಡದಿರುವುದೇ ವಾಸಿ.

ಅಂಕಿ ಕದಲದೆ ನಿಂತರೆ

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಹದಿನೆಂಟನೆಯ ದಿನದವರೆಗೆ ಅಮೋನಿಯಾ ಇಳಿಯುತ್ತಿತ್ತು. ಅನಂತರ ನಾಲ್ಕು ದಿನ ಒಂದೇ ಕಡೆ ನಿಂತಿದೆ. ಪಂಪಿನ ಹರಿವನ್ನು ಬಕೆಟ್ಟು ಮತ್ತು ಗಡಿಯಾರ ಹಿಡಿದು ಅಳೆಯಿರಿ. ಮೊದಲ ದಿನದ ಅರ್ಧಕ್ಕೆ ಇಳಿದಿದ್ದರೆ ಕಾರಣ ಸಿಕ್ಕಿತು. ಹರಿವು ಸರಿಯಿದ್ದರೆ ಲವಣಾಂಶ, ಉಷ್ಣಾಂಶ ನೋಡಿ. ಎರಡೂ ಸರಿಯಿದ್ದರೆ ರಸಸಾರ, ಅಂದರೆ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ನೀವು ಕಾಣುವ ಪಿ.ಎಚ್. ಅಂಕಿಯನ್ನು ನೋಡಬೇಕು.

ಅಮೋನಿಯಂ ಸಲ್ಫೇಟನ್ನು ವರ್ಷಗಟ್ಟಲೆ ಹಾಕಿದ ಹೊಲ ಹುಳಿಯಾಗಿ ಸುಣ್ಣ ಬೇಡುವುದನ್ನು ಕಂಡಿದ್ದೀರಿ. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ತೊಟ್ಟಿಯಲ್ಲಿ ಆ ಆಮ್ಲವನ್ನು ನೀರಿನ ಕ್ಷಾರಗುಣ ತಡೆಯುತ್ತದೆ. ದಶಲಕ್ಷಕ್ಕೆ 2 ಭಾಗ ಅಮೋನಿಯಾ ಪೂರ್ತಿ ಪರಿವರ್ತನೆಯಾದಾಗ ಸುಣ್ಣಕಲ್ಲಿನ ಲೆಕ್ಕದಲ್ಲಿ ಸುಮಾರು 12 ಭಾಗ ಕ್ಷಾರಗುಣ ಖರ್ಚಾಗುತ್ತದೆ. ಕಡಲ ನೀರಿನಲ್ಲಿರುವುದು 120ರ ಆಸುಪಾಸು. ಅಂದರೆ ಹತ್ತು ಬಾರಿ ಹಾಕಿದರೆ ಬೊಕ್ಕಸ ಬರಿದು. ರಸಸಾರ 8.1ರಿಂದ 8.4ರ ನಡುವೆ ಇರಬೇಕಾದದ್ದು 7ರ ಕಡೆಗೆ ಜಾರಿದರೆ ಸೂಕ್ಷ್ಮಾಣುಗಳ ಕೆಲಸ ಕುಗ್ಗುತ್ತದೆ. 250 ಲೀಟರಿಗೆ 21 ಗ್ರಾಂ ಅಡುಗೆ ಸೋಡವನ್ನು ಸಿಹಿನೀರಿನಲ್ಲಿ ಕರಗಿಸಿ ಹರಿವಿನ ಜಾಗಕ್ಕೆ ನಿಧಾನವಾಗಿ ಸುರಿದರೆ ಕ್ಷಾರಗುಣ 50 ಭಾಗ ಏರುತ್ತದೆ. ಒಂದು ದಿನಕ್ಕೆ ಅಷ್ಟು ಸಾಕು.

ಅಮೋನಿಯಾ ದಶಲಕ್ಷಕ್ಕೆ 5 ಭಾಗ ದಾಟಿದ್ದರೆ ಹಾಕುವುದನ್ನು ನಿಲ್ಲಿಸಿ ಅರ್ಧ ನೀರು ಬದಲಿಸಬೇಕು. ಹೆಚ್ಚು ಗೊಬ್ಬರ ಹಾಕಿದರೆ ಬೇಗ ಬೆಳೆಯುತ್ತದೆಂಬ ಎಣಿಕೆ ಇಲ್ಲಿಯೂ ನಡೆಯುವುದಿಲ್ಲ. ಮೊದಲ ವಾರಗಳಲ್ಲಿ ನೀರು ಹಾಲಿನಂತೆ ಮಬ್ಬಾದರೆ ಮಾತ್ರ ಗಾಬರಿ ಬೇಡ. ಬೇರೆ ಜಾತಿಯ ಸೂಕ್ಷ್ಮಾಣುಗಳು ಒಮ್ಮೆಗೇ ಹೆಚ್ಚಿದ್ದು, ಗಾಳಿ ಚೆನ್ನಾಗಿ ಆಡುತ್ತಿದ್ದರೆ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ.

ಹೀಟರು, ನೊರೆ ಸಾಧನ, ದೀಪ

ಉಷ್ಣಾಂಶ 26ರಿಂದ 28 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಸಾಕು. ಕರಾವಳಿಯಲ್ಲಿ ಹೀಟರಿನ ಅಗತ್ಯ ವಿರಳ. ಏಪ್ರಿಲ್, ಮೇ ತಿಂಗಳಲ್ಲಿ ನೀರಿನ ಮೇಲೆ ಫ್ಯಾನಿನ ಗಾಳಿ ಬೀಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ, ಆದರೆ ಆವಿಯಾಗುವುದೂ ಹೆಚ್ಚುತ್ತದೆ. ಘಟ್ಟದ ಮೇಲಿನವರಿಗೆ ಚಳಿಗಾಲದಲ್ಲಿ ಹೀಟರು ಬೇಕಾಗಬಹುದು. 200 ವ್ಯಾಟಿನ ಒಂದರ ಬದಲು 100 ವ್ಯಾಟಿನ ಎರಡನ್ನು ಹಾಕಿ. ಒಂದರ ಒಳಸ್ವಿಚ್ಚು ಅಂಟಿಕೊಂಡು ಉರಿಯುತ್ತಲೇ ಇದ್ದರೂ ನೀರು ಕುದಿಯುವ ಭಯ ಕಡಿಮೆ. ಹೀಟರಿನ ಮೈಮೇಲಿನ ಅಂಕಿಯನ್ನು ನಂಬದೆ ಬೇರೆ ಉಷ್ಣಮಾಪಕದಲ್ಲಿ ನೋಡಬೇಕು. ನೀರಿನಿಂದ ಹೊರಚಾಚಿದ ಹೀಟರು ಸಿಡಿಯುತ್ತದೆ.

ಗುಳ್ಳೆ ಎಬ್ಬಿಸಿ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಎಂಬ ಸಾಧನ ಹೊಸದರಲ್ಲಿ ಹುಚ್ಚಾಟವಾಡುತ್ತದೆ. ಒಂದು ದಿನ ನೊರೆಯೇ ಇಲ್ಲ, ಮರುದಿನ ಬಟ್ಟಲು ತುಂಬಿ ಉಕ್ಕುತ್ತದೆ. ಕಾರ್ಖಾನೆಯ ಎಣ್ಣೆಯ ಜಿಡ್ಡು ಹೋಗಲು ಒಂದೆರಡು ವಾರ ಬೇಕು. ಹೊಸ ಗಾಜಿನ ಅಂಟು, ಕ್ಲೋರಿನ್ ಕಳೆಯುವ ಕೆಲವು ದ್ರಾವಣಗಳೂ ನೊರೆ ಉಕ್ಕಿಸುತ್ತವೆ. ಮೀನಿಲ್ಲದ ತೊಟ್ಟಿಯಲ್ಲಿ ನೊರೆ ಬಾರದಿದ್ದರೆ ಅದು ದೋಷವಲ್ಲ. ಗಾಳಿಯೇ ಬರದಿದ್ದರೆ ಗಾಳಿ ಹೀರುವ ಸಣ್ಣ ಬಾಯಿಗೆ ಉಪ್ಪು ಕಟ್ಟಿರುತ್ತದೆ, ಬಿಸಿನೀರು ಹಾಯಿಸಿ. ದೀಪವನ್ನು ಈ ಆರು ವಾರ ಹೊತ್ತಿಸದಿದ್ದರೆ ಪಾಚಿಯ ಕಾಟ ಕಡಿಮೆ.

ಪ್ರಾಣಕ್ಕೆ ಸಂಬಂಧಿಸಿದ ವಿಷಯ

ಉಪ್ಪುನೀರು ಸಿಹಿನೀರಿಗಿಂತ ಬಹಳ ಚೆನ್ನಾಗಿ ವಿದ್ಯುತ್ತನ್ನು ಹರಿಯಬಿಡುತ್ತದೆ. ತೊಟ್ಟಿಯ ಸಾಲಿಗೆ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಬ್ರೇಕರ್ ಇರಲೇಬೇಕು, ಅರ್ಥಿಂಗ್ ಸರಿಯಿರಬೇಕು. ಪ್ರತಿ ವೈರು ಪ್ಲಗ್ಗಿಗೆ ಹೋಗುವ ಮೊದಲು ಕೆಳಕ್ಕೆ ಬಾಗಿ ಮೇಲೇರಬೇಕು. ವೈರಿನ ಗುಂಟ ಇಳಿದ ನೀರು ಬಾಗಿದಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಪ್ಲಗ್ಗಿನ ಹಲಗೆ ನೆಲದ ಮೇಲಲ್ಲ, ಗೋಡೆಯ ಮೇಲೆ ಇರಲಿ. ಇಲಿ ಕಡಿದ ವೈರಿಗೆ ಟೇಪು ಸುತ್ತಿ ನೀರಿಗಿಳಿಸಬೇಡಿ. ನೀರಿಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ಗುಗಳನ್ನೂ ಕೀಳಬೇಕು. ಬ್ರೇಕರ್ ಪದೇಪದೇ ಬಿದ್ದರೆ ಅದನ್ನು ತೆಗೆಸಬೇಡಿ. ಒಂದೊಂದೇ ಸಲಕರಣೆಯನ್ನು ಕಿತ್ತು ನೋಡಿ ಕೆಟ್ಟದ್ದನ್ನು ಗುರುತಿಸಿ ಎಸೆಯಿರಿ.

ಮೀನು ಬಿಡುವ ಮುನ್ನ

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ದಿನ ಮತ್ತೊಮ್ಮೆ ಒಂದೂವರೆ ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿ. 24 ಗಂಟೆಯೊಳಗೆ ಎರಡೂ ಮತ್ತೆ ಸೊನ್ನೆಗಿಳಿಯಬೇಕು. ಇಳಿಯದಿದ್ದರೆ ಇನ್ನೊಂದು ವಾರ ಕಾಯಿರಿ. ಇಳಿದರೆ ಅರ್ಧದಷ್ಟು ನೀರು ಬದಲಿಸಿ, ಕೂಡಿದ ನೈಟ್ರೇಟನ್ನು ಕಡಿಮೆ ಮಾಡಿ, ಅದೇ ದಿನ ಇನ್ನೊಮ್ಮೆ ಮುಖ್ಯ ಸ್ವಿಚ್ಚು ಆರಿಸಿ ಕೆಳತೊಟ್ಟಿ ತಡೆಯುತ್ತದೆಯೇ ನೋಡಿಕೊಳ್ಳಿ. ಆರು ವಾರಗಳಲ್ಲಿ ಆ ಸಣ್ಣ ತೂತು ಮುಚ್ಚಿರಬಹುದು. ಮೊದಲು ಎರಡೇ ಮೀನು ತನ್ನಿ. ತಂದ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣಾಂಶ ಸಮವಾದ ಮೇಲೆ, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಸೇರಿಸುತ್ತ ಹೊಂದಿಸಿ, ಮೀನನ್ನು ಮಾತ್ರ ಒಳಗೆ ಬಿಡಿ. ಚೀಲದ ನೀರನ್ನು ಹೊರಗೆ ಚೆಲ್ಲಿ. ಮೊದಲ ಹತ್ತು ದಿನ ಆಹಾರ ಕಡಿಮೆ, ಅಮೋನಿಯಾ ಪರೀಕ್ಷೆ ದಿನಕ್ಕೊಮ್ಮೆ.